ಖಾಲಿ ಇನ್‌ಬಾಕ್ಸಿನ ಪರವಾಗಿ ಒಂದು ಸೋತ ವಾದ

ಗುಡಿಸಿದ ಅಂಗಳ ನೋಡಿದರೆ ಕೆಲವರಿಗೆ ಆಗುವ ಸಂತೋಷ ನನಗೆ ಖಾಲಿ ಇನ್‌ಬಾಕ್ಸ್ ನೋಡಿದರೆ ಆಗುತ್ತದೆ. ಇದನ್ನು ಕಾಯಿಲೆ ಎನ್ನುವವರೊಡನೆ ವಾದಿಸಿ ಗೆದ್ದಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಿದ್ಯೆ. ಎದುರಾಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ನನ್ನ ಎರಡನೆಯ ಅಂಶ ಮುಗಿದಿರುತ್ತದೆ.

ತೊಡಕೆಂದರೆ, ನನ್ನ ಇನ್‌ಬಾಕ್ಸ್ ನನ್ನೊಬ್ಬನದಲ್ಲ. ಗಡಿಯಾಚೆ ತಮಿಳು ಸೀಮೆಗೆ ಸೇರಿದ, ಸಾನಮಾವು ಕಾಡಿನಂಚಿನ ನಮ್ಮೂರಲ್ಲಿ ಯಾವ ಅರ್ಜಿಯಲ್ಲಿ ಇಮೇಲ್ ಎಂಬ ಖಾನೆ ಕಂಡರೂ ಜನ ನನ್ನ ವಿಳಾಸ ಬರೆಸಿಬಿಡುತ್ತಾರೆ. ಒಬ್ಬರ ಗ್ಯಾಸು, ಇನ್ನೊಬ್ಬರ ಜಮೀನಿನ ಪಟ್ಟಾ, ಮತ್ತೊಬ್ಬರ ಮಗಳ ಹಾಲ್ ಟಿಕೆಟ್ಟು, ಎಲ್ಲ ನನ್ನ ಮೊಬೈಲಿಗೇ ಬಂದಿಳಿಯುತ್ತವೆ. ಹಿಂದೆ ಊರಿನ ಕಾಗದಗಳು ಅಂಗಡಿಯ ತಂತಿಗೆ ಚುಚ್ಚಿಸಿಕೊಂಡು ನೇತಾಡುತ್ತಿದ್ದವಂತೆ. ಆ ತಂತಿ ಈಗ ನಾನು.

ನಮ್ಮ ಚಿಕ್ಕಮ್ಮನ ಹೊಲದ ಮೂಲೆಗಲ್ಲನ್ನು ಆನೆಗಳು ಕಿತ್ತು ಉರುಳಿಸಿದ್ದವು. ಆನೆ ಪಟ್ಟಾ ನೋಡಿ ನಡೆಯುವ ಪ್ರಾಣಿಯಲ್ಲ. ಕಲ್ಲು ಎಲ್ಲಿತ್ತೆಂಬ ನೆನಪು ಚಿಕ್ಕಮ್ಮನಿಗೆ ಒಂದು ಥರ, ಪಕ್ಕದ ಹೊಲದವರಿಗೆ ಇನ್ನೊಂದು ಥರ. ಅಳೆದುಕೊಡಿ ಎಂದು ಆಕೆ ತಾಲ್ಲೂಕು ಕಚೇರಿಗೆ ಮನು, ಅಂದರೆ ಅರ್ಜಿ, ಕೊಟ್ಟು, ಎಂದಿನಂತೆ ನನ್ನ ಇಮೇಲ್ ಬರೆಸಿದ್ದಳು.

ಬುಧವಾರ ಬೆಳಗ್ಗೆ ಬಂದು ಕೇಳಿದಳು: "ಏನ್ಲಾ, ಅಳೆಯೋರು ಯಾವತ್ತು ಬತ್ತಾರಂತೆ?"

"ಕಾಗ್ದಾನೇ ಬಂದಿಲ್ಲ ಚಿಕ್ಕಮ್ಮ."

"ಬಂದೈತೆ ಕಣ್ಲಾ. ಆಫೀಸ್ನಾಗೆ ಕೇಳಿದ್ರೆ 'ಮೈಲ್ ಪಾರುಂಗಮ್ಮ', ಮೈಲ್ ನೋಡಮ್ಮ ಅಂದ್ಬುಟ್ರು, ತಾರೀಕು ಅದ್ರಾಗೇ ಐತಂತೆ. ಆವತ್ತು ನಾನು ಹೊಲದಾಗೆ ಇಲ್ದಿದ್ರೆ ಮತ್ತೆ ಮೊದ್ಲಿಂದ ಮನು."

ಭಾನುವಾರ ತಾನೇ ನಾನು ತಮಿಳಿನ ಪತ್ರಗಳನ್ನೆಲ್ಲ ಸರ್ಕಾರಿ ಪ್ರಕಟಣೆಗಳೆಂದು ಒಟ್ಟಾಗಿ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿದ್ದೆ. ಯಾವುದಾದರೂ ಬೇಕಾದರೆ ಹಳೆಯ ಟ್ಯಾಬಿನಲ್ಲಿ ಇದ್ದೇ ಇರುತ್ತದೆ ಎಂಬುದು ನನ್ನ ತರ್ಕ: ಯಂತ್ರ ಎರಡು, ಆದ್ದರಿಂದ ಪ್ರತಿ ಎರಡು. ತರ್ಕವೇನೋ ಚೆನ್ನಾಗಿತ್ತು. ಆದರೆ ಪೆಟ್ಟಿಗೆ ಒಂದೇ, ಯಂತ್ರಗಳು ಅದಕ್ಕಿಟ್ಟ ಎರಡು ಬಾಗಿಲು ಮಾತ್ರ. ಈ ಬಾಗಿಲಿಂದ ಎಸೆದದ್ದು ಆ ಬಾಗಿಲಲ್ಲೂ ಕಾಣುವುದಿಲ್ಲ.

ಆ ಟ್ಯಾಬನ್ನು ನಾನು, ನನ್ನ ಇಮೇಲನ್ನು ತೆಗೆಯದೆಯೇ, ಚಿಕ್ಕಮ್ಮನಿಗೆ ಕೊಟ್ಟಿದ್ದೆ. ಆಕೆ ಪ್ರತಿ ಶನಿವಾರ ವೀಡಿಯೋ ಕರೆಯಲ್ಲಿ ಮಗಳ ಮುಖ ನೋಡಿ, ನೆಟ್ ಆರಿಸಿ, ಹಳೇ ಸೀರೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನ ಮೇಲಿಡುವಳು. ಇದು ಮೌಢ್ಯವೆಂದು ನಾನು ಐದು ಅಂಶಗಳಲ್ಲಿ ಸಾಧಿಸಿ ತೋರಿಸಿದ್ದೆ. ಈಗ ಅವಳ ಮನೆಗೆ ಓಡಿಹೋಗಿ ಟ್ಯಾಬಿಗೆ ಸುತ್ತಿದ್ದ ಸೀರೆ ಬಿಚ್ಚಿದೆ.

"ತಾಳು, ನೆಟ್ ಹಾಕ್ತೀನಿ," ಎಂದು ಹಿಂದೆಯೇ ಬಂದ ಆಕೆ ಕೈ ಚಾಚಿದಳು.

"ಮುಟ್ಬ್ಯಾಡ ಚಿಕ್ಕಮ್ಮ!"

ನೆಟ್ ಬಂದರೆ ನನ್ನ ಸ್ವಚ್ಛತೆಯ ಸುದ್ದಿ ಟ್ಯಾಬಿಗೂ ಮುಟ್ಟುತ್ತಿತ್ತು. ನೆಟ್ಟಿಲ್ಲದೆಯೇ ತೆರೆದೆ. ಶುಕ್ರವಾರ ಬಂದು ಶನಿವಾರ ಟ್ಯಾಬಿಗಿಳಿದಿದ್ದ ಪತ್ರ, ಏನೂ ಆಗಿಲ್ಲವೆಂಬಂತೆ ಕೂತಿತ್ತು: ಗುರುವಾರ, ಹತ್ತು ಗಂಟೆ. ಅಂದರೆ ನಾಳೆಯೇ.

ಗುರುವಾರ ಅಳೆಯುವವರು ಬಂದು ಸರಪಳಿ ಎಳೆದರು, ಅಳೆದರು, ಕಲ್ಲು ನೆಟ್ಟರು. ಪಕ್ಕದ ಹೊಲದವರೇ ಬುಡಕ್ಕೆ ಮಣ್ಣು ತುಳಿದುಕೊಟ್ಟರು. ಸಾಕ್ಷಿಗಿರಲೆಂದು ನಾನು ಮೊಬೈಲಿನಲ್ಲಿ ಫೋಟೋ ಹಿಡಿದೆ.

"ಅದ್ರಾಗೆ ಇಕ್ಬ್ಯಾಡ ಕಣ್ಲಾ," ಎಂದಳು ಚಿಕ್ಕಮ್ಮ. "ಆನೆ ಬಿಟ್ರೂ ನೀನು ಬಿಡಕಿಲ್ಲ, ಕ್ಲೀನ್ ಮಾಡ್ಬುಡ್ತೀಯ."

ಆ ವಾದದಲ್ಲಿ ಸೋತೆ. ಈಗ ಊರಿನ ಒಬ್ಬೊಬ್ಬರಿಗೂ ಒಂದೊಂದು ಕಡತ ಮಾಡಿದ್ದೇನೆ. ಅಳಿಸುವ ಮುಂಚೆ ಅವರನ್ನೇ ಕೇಳುತ್ತೇನೆ. ಕೆಲಸ ನಿಧಾನ, ಮನಸ್ಸು ಹಗುರ. ಅಂಗಳ ಗುಡಿಸಬೇಕೆಂಬ ನನ್ನ ವಾದವನ್ನೇನೂ ಬಿಟ್ಟುಕೊಟ್ಟಿಲ್ಲ. ಒಣಗಹಾಕಿದ ರಾಗಿ ಯಾರದೆಂದು ಕೇಳಿಕೊಂಡು ಗುಡಿಸುತ್ತೇನೆ, ಅಷ್ಟೆ.