ಹಳಿತುಂಡಿನ ಗಂಟೆ

ಯಾದಗಿರಿ ಸ್ಟೇಷನ್ನಿನ ಬೇವಿನ ನೆರಳಲ್ಲಿ ಕೆಲವು ನಿವೃತ್ತ ರೈಲ್ವೆ ನೌಕರರು ಗುಜರಿಗೆ ಹೊರಟಿದ್ದ ಹಳೆಯ ಸಾಮಾನುಗಳನ್ನು ಮೊಮ್ಮಕ್ಕಳ ಕಾಲಕ್ಕೆಂದು ಉಳಿಸಿಕೊಂಡಿದ್ದಾರೆ. ಗಂಟೆಯಾಗಿ ತೂಗುತ್ತಿದ್ದ ಹಳಿಯ ತುಂಡೂ ಅಲ್ಲಿದೆ. ಮೈಕು ಬಂದ ಮೇಲೆ ಅದನ್ನು ಬಾರಿಸುವವರಿಲ್ಲ. ಮೊನ್ನೆ ನಾನು ಅಲ್ಲಿ ಗಾಡಿಗೆ ಕಾಯುತ್ತಿದ್ದಾಗ, ಆ ನಿವೃತ್ತರಲ್ಲೊಬ್ಬರಾದ ಶರಣಪ್ಪನವರು ಅದಕ್ಕೆ ಎಣ್ಣೆ ಸವರುತ್ತಿದ್ದರು.

ಸೊಲ್ಲಾಪುರದ ಗಾಡಿ ಬರುತ್ತಿದೆಯೆಂದು ಮೈಕು ಮತ್ತೆ ಮತ್ತೆ ಸಾರಿದರೂ, ಅದಕ್ಕೇ ಕಾದಿದ್ದ ಸುರಪುರದ ಅಜ್ಜಿ ಅಲುಗಾಡಲಿಲ್ಲ.

“ಏಳಬೇ ಯವ್ವಾ, ಗಾಡಿ ಬರಾಕತ್ತದ. ಇಲ್ಲಿ ಜಾಸ್ತಿ ನಿಲ್ಲಂಗಿಲ್ಲ,” ಎಂದರು ಶರಣಪ್ಪ.

“ಗಂಟಿ ಬಾರಿಸೇ ಇಲ್ಲಲ್ಲೋ ಯಪ್ಪಾ, ಗಾಡಿ ಹ್ಯಾಂಗ ಬರ್ತದ?”

ಶರಣಪ್ಪ ನಕ್ಕು, ಸುತ್ತಿಗೆ ಎತ್ತಿ ಬಾರಿಸಿಯೇಬಿಟ್ಟರು. ಠಣ್, ಠಣ್, ಠಣ್! ಅಜ್ಜಿ ಗಂಟನ್ನು ಕಂಕುಳಿಗೇರಿಸಿ ಎದ್ದಳು.

ನನ್ನ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ನೋಡಿಕೊಂಡರೆ, ನಾನೂ ಚೀಲ ಹೆಗಲಿಗೇರಿಸಿ ನಿಂತಿದ್ದೆ.