ದನಿ ಹೋದ ಜಾಗ

ದೆವ್ವ ಬಂದ ಕೂಡಲೇ ವಸಂತ ಟಿವಿಗೆ ಕೈ ಮುಗಿಯುತ್ತಿದ್ದ. "ಬರ್ರಿ ಬಾಯಾರ, ಇವತ್ತ ಭಾಳ ತಡಾ ಮಾಡಿದ್ರಿ."

ಬಿಳಿ ಸೀರೆಯ ಆ ದೆವ್ವದ ಮಣಿಕಟ್ಟಿನಲ್ಲಿ ಕೈಗಡಿಯಾರವಿತ್ತು. ಅವಳು ಮುಟ್ಟುವ ಮೊದಲೇ ಬಾಗಿಲು ತೆರೆಯುತ್ತಿತ್ತು, ಹಗ್ಗ ಎಳೆಯುವವನ ಮೊಣಕೈ ಕಾಣುತ್ತಿತ್ತು. ಗಾಳಿ ಬೀಸಿದರೆ ಆಲದ ಮರ ಬುಡಸಮೇತ ಅಲುಗುತ್ತಿತ್ತು. ಅಷ್ಟು ಕೆಟ್ಟ ಹಿಂದಿ ಸಿನಿಮಾವನ್ನು ವಸಂತ, ನಾನು, ಹೋಟೆಲಿನ ಶೆಟ್ಟರು ಕೊಂಢವಾ ಬಡಾವಣೆಯ ಅವನ ಮನೆಯಲ್ಲಿ ಎಷ್ಟೋ ಭಾನುವಾರ ಮಧ್ಯಾಹ್ನ ಪರದೆ ಎಳೆದುಕೊಂಡು ನೋಡಿದ್ದೇವೆ.

ಧಾರವಾಡದ ವಸಂತನಿಗೆ ಚಾಕಣದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸ. ವಾರವಿಡೀ ತಪ್ಪು ಹುಡುಕಿ ಎತ್ತಿಡುವವನು ಭಾನುವಾರ ಒಂದೊಂದು ತಪ್ಪನ್ನೂ ಬೆರಳು ಮಾಡಿ ತೋರಿಸಿ ಖುಷಿಪಡುತ್ತಿದ್ದ. ದೆವ್ವವನ್ನು ಮಾತ್ರ ಹಂಗಿಸಲು ಬಿಡುತ್ತಿರಲಿಲ್ಲ. "ನಗ್ರಿ, ಆದ್ರ ಬೈಬ್ಯಾಡ್ರಿ. ಪಾಪ, ತಾ ಸತ್ತೇನಿ ಅಂತ ಆಕೀಗೆ ಯಾರೂ ಹೇಳಿಲ್ಲ."

ಅವನಲ್ಲಿದ್ದ ಪ್ರತಿಯಲ್ಲಿ ಒಂದು ಕಡೆ ದನಿ ಹೋಗಿತ್ತು. ದೆವ್ವ ನೇರ ನಮ್ಮತ್ತ ನೋಡಿ ತುಟಿ ಆಡಿಸುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಅಲ್ಲಿ ವಸಂತ ದೆವ್ವದ ಪರವಾಗಿ ಮೂಗಿನಲ್ಲಿ ರಾಗ ಎಳೆದು, "ಸುನಂದಾ, ಚಹಾ ಆತೇನ?" ಎನ್ನುತ್ತಿದ್ದ. ಅಡುಗೆಮನೆಯಿಂದ ಅವನ ಹೆಂಡತಿ ಸುನಂದಾ ವೈನಿ, "ಬಂದೆ, ತಡೀರಿ!" ಎಂದು ಕೂಗುತ್ತಿದ್ದರು. ಒಂದು ಸಲವೂ ಇದು ತಪ್ಪಿದ್ದಿಲ್ಲ.

ಶೆಟ್ಟರು ಒಮ್ಮೆ ಬೇರೆ ಪ್ರತಿ ತಂದರು. "ಇದ್ರಲ್ಲಿ ದನಿ ಸರಿ ಉಂಟು ಮಾರಾಯ್ರೆ."

ವಸಂತ ಅದನ್ನು ಮುಟ್ಟಲಿಲ್ಲ. "ಬ್ಯಾಡ್ರಿ ಶೆಟ್ರ. ಆಕೀನ ಮಾತಾಡಿದ್ರ ನನಗೇನ ಕೆಲಸ?"

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವನ ದನಿ ಕುಗ್ಗಿತ್ತು. ತುಟಿ ಆಡುವುದಷ್ಟೇ ಕಂಡಿತು. ಬಗ್ಗಿ ಕಿವಿಗೊಟ್ಟೆ. "ದೋಸ್ತ, ಆ ಜಾಗಾ ಖಾಲಿ ಬಿಡಬ್ಯಾಡ. ಚಹಾ ನೀ ಕೇಳು." ಹ್ಞೂಂ ಅಂದೆ.

ಅವನು ಹೋದ ಮೇಲೆ ವೈನಿಯೇ ಫೋನ್ ಮಾಡಿದರು. "ಬರ್ರಿ, ಸಿನೆಮಾ ಹಚ್ಚೂಣು. ಮನಿ ಭಾಳ ಗಪ್ಪಾಗೇದ."

ಹೋದೆವು. ಪರದೆ ಎಳೆದೆವು. ಅವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮರ ಅಲುಗಿದಾಗ ಶೆಟ್ಟರು ನಗಲಿಲ್ಲ. ಆ ಜಾಗ ಹತ್ತಿರ ಬಂದಂತೆ ನಾನು ಮುಂದಕ್ಕೆ ಸರಿದು ಕೂತೆ. ದೆವ್ವ ನಮ್ಮತ್ತ ತಿರುಗಿ ತುಟಿ ಆಡಿಸಿತು. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಶೆಟ್ಟರು ಮೊಣಕೈಯಿಂದ ತಿವಿದರು, ಆದರೂ ಹೊರಡಲಿಲ್ಲ.

"ಬಂದೆ, ತಡೀರಿ!" ಅಡುಗೆಮನೆಯಿಂದ ವೈನಿ ಕೂಗಿದರು.

ಚಹಾ ತಂದಾಗ ಹೇಳಿದೆ, "ನಾ ಕೇಳಬೇಕಾಗಿತ್ತು ವೈನಿ. ದನೀನ ಬರಲಿಲ್ಲ."

"ನೀವಲ್ಲ ಬಿಡ್ರಿ," ಅಂದರು ವೈನಿ, ತೀರಾ ಸಹಜವಾಗಿ. "ನಮ್ಮವರು ಕೇಳಿದ್ರಲ್ಲಾ."

ನಮಗಿಬ್ಬರಿಗೂ ಕೊಟ್ಟು, ಇನ್ನೊಂದು ಕಪ್ಪನ್ನು ಅವನ ಕುರ್ಚಿಯ ಪಕ್ಕದಲ್ಲಿಟ್ಟು ಒಳಗೆ ಹೋದರು. ಸಿನಿಮಾ ಮುಗಿಯಿತು. ಆ ಚಹಾದ ಮೇಲೆ ಕೆನೆ ಕಟ್ಟಿತು. ಎದ್ದು ಪರದೆ ಸರಿಸಲು ಶೆಟ್ಟರಿಗೂ ನನಗೂ ಮನಸ್ಸಾಗಲಿಲ್ಲ.