ನಲ್ಲಿಗೊಂದು ವಂದನಾರ್ಪಣೆ

ಎಗ್ಮೋರಿನ ನಮ್ಮ ಬೀದಿಯಲ್ಲಿ ಕಾರುಗಳಿಗೆ ಅಡ್ಡವಾಗಿದ್ದ ನಲ್ಲಿಯನ್ನು ಕೀಳಿಸುವ ಮೊದಲು ಜನರ ಅಭಿಪ್ರಾಯ ಕೇಳಲು ಕೌನ್ಸಿಲರ್ ಬಂದರು. ಸಭೆ ಏರ್ಪಡಿಸಿದ ಬೀದಿಯ ಕನ್ನಡ ಸಂಘಕ್ಕೆ ಅಪ್ಪನೇ ಕಾರ್ಯದರ್ಶಿ. ನಮ್ಮವರಿಗೆ ಸಭೆಯೆಂದರೆ ಪ್ರಾರ್ಥನೆ, ಸ್ವಾಗತ, ಹಾರ, ಭಾಷಣ, ವಂದನಾರ್ಪಣೆ. ಜನ ಬಾಯಿಬಿಡಲು ಅದರಲ್ಲಿ ಜಾಗವೇ ಇರಲಿಲ್ಲ.

ಭಾಷಣ ಮುಗಿಸಿದ ಕೌನ್ಸಿಲರ್, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ಹಪ್ಪಳ ಮಾರಿ ಬದುಕುತ್ತಿದ್ದ ಮೂಲೆಮನೆಯ ಅಜ್ಜಿ ಎದ್ದರು. ಮನೆಯಲ್ಲಿ ಬಾವಿಯಿಲ್ಲದವರು ಅವರೊಬ್ಬರೇ.

"ನನ್ನದೊಂದು ಮಾತಿದೆ ಕಣಪ್ಪಾ."

"ಕೂತ್ಕೊಳ್ಳಿ ಅಜ್ಜಿ, ಅತಿಥಿಗಳಿಗೆ ಹೊತ್ತಾಗುತ್ತೆ," ಎಂದ ಅಪ್ಪ ವಂದನಾರ್ಪಣೆ ಶುರುಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜನ ಒಪ್ಪಿದರೆಂದು ಕೌನ್ಸಿಲರ್ ಕೈಮುಗಿದು ಹೊರಟರು.

ನಲ್ಲಿ ಹೋಯಿತು. ಅಜ್ಜಿಯನ್ನು ಯಾರೂ ತಮ್ಮ ಬಾವಿಗೆ ಕರೆಯಲಿಲ್ಲ, ನಾವೂ ಕರೆಯಲಿಲ್ಲ. ಅವರು ದೊಡ್ಡ ರಸ್ತೆ ದಾಟಿ ನೀರು ತರತೊಡಗಿದರು. ಆ ಬೇಸಿಗೆಯಲ್ಲೇ, ಸೊಂಟದಲ್ಲಿ ಕೊಡ ಇದ್ದಂತೆಯೇ, ಬಸ್ಸಿನಡಿ ಸಿಕ್ಕಿ ಸತ್ತರು.

ಸಂಘ ಸಂತಾಪಸಭೆ ನಡೆಸಿತು. ಕೌನ್ಸಿಲರ್ ಬಂದು ಅಜ್ಜಿಯನ್ನು ಹೊಗಳಿದರು. ಕೊನೆಗೆ ಅಪ್ಪ ಎದ್ದು, ಬಿಡುವು ಮಾಡಿಕೊಂಡು ಬಂದ ಅತಿಥಿಗಳಿಗೆ ವಂದನೆ ಅರ್ಪಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು.